ಕಣ್ಣು ತೆರೆಸುವ ಕೆಲಸ

ಮೇ 18, 2025, ಭಾನುವಾರ

ಇವತ್ತು ಸ್ಟುಡಿಯೋದ ಬೋರ್ಡು ಇಳಿಸಿದರು. ಇಳಿಸಿದ್ದು ಬೇರೆ ಯಾರೂ ಅಲ್ಲ, ನನ್ನ ಮಗ ಕೀರ್ತನ್. ಅದೇ ಮೊಳೆಗಳಿಗೆ ಅವನ ಫ್ಲೆಕ್ಸ್ ಪ್ರಿಂಟಿಂಗಿನ ಬೋರ್ಡು ಏರಿತು. ಅವನದ್ದು ತಪ್ಪಿಲ್ಲ. ಸುಳ್ಯದಲ್ಲಿ ಈಗ ಫೋಟೋ ತೆಗೆಸಲಿಕ್ಕೆ ಸ್ಟುಡಿಯೋಕ್ಕೆ ಯಾರು ಬರುತ್ತಾರೆ? ಪಾಸ್‌ಪೋರ್ಟ್ ಫೋಟೋವನ್ನೂ ಜೆರಾಕ್ಸ್ ಅಂಗಡಿಯವನೇ ತೆಗೆದು ಕೊಡುತ್ತಾನೆ. ಎಲ್ಲ ಗೊತ್ತಿದ್ದೂ ಇಳಿಸಿದ ಬೋರ್ಡನ್ನು ಒರೆಸಿ ಮಂಚದ ಅಡಿಗೆ ಇಟ್ಟೆ. ಮಧ್ಯಾಹ್ನ ಊಟ ಸೇರಲಿಲ್ಲ. ಹೆಂಡತಿ ಶೀಲನಲ್ಲಿ ಹೇಳಿದರೆ "ಶುರುವಾಯ್ತು ನಿಮ್ಮ ಪುರಾಣ" ಎನ್ನುತ್ತಾಳೆ. ಅದಕ್ಕೇ ಈ ಹಳೆ ಡೈರಿ ಹುಡುಕಿ ಬರೆಯಲಿಕ್ಕೆ ಕೂತದ್ದು. ಮನೆಯಲ್ಲಿ ಆಡುವುದು ಅರೆಭಾಷೆ, ಬರೆಯುವಾಗ ಮಾತ್ರ ಕನ್ನಡ. ಶಾಲೆಯಲ್ಲಿ ಹಾಗೇ ಅಭ್ಯಾಸ ಆಗಿ ಹೋಗಿದೆ.

ನನಗೆ ಉಳಿದದ್ದು ಹಿಂದೆ ಮನೆಗೆ ತಾಗಿದ ಕತ್ತಲೆ ಕೋಣೆ. ಫಿಲ್ಮ್ ತೊಳೆಯುತ್ತಿದ್ದಲ್ಲಿ ಈಗ ಒಂದು ಕಂಪ್ಯೂಟರ್. ಅದರಲ್ಲಿ ಕೂತು ನಾನು ಅಮೆರಿಕಕ್ಕೆ ಬಣ್ಣ ಹೊಡೆಯುತ್ತೇನೆ. ತಮಾಷೆ ಅಲ್ಲ. ಅಲ್ಲಿಯ ಯಾರೋ ಒಬ್ಬರು ಅವರ ಊರಿನ ಹಳೆ ಕಾಲದ ದಿನನಿತ್ಯದ ಬದುಕಿನ ಫೋಟೋಗಳನ್ನೆಲ್ಲ ಒಟ್ಟು ಮಾಡಿ ದೊಡ್ಡ ಪುಸ್ತಕ ತರುತ್ತಾರಂತೆ. ತಗಡಿನ ಮೇಲೆ, ಗಾಜಿನ ಮೇಲೆ ತೆಗೆದ ಕಾಲದವು. ನಮ್ಮ ಅಜ್ಜನ ಅಜ್ಜನೂ ಆಗ ತೊಟ್ಟಿಲಲ್ಲಿ ಇದ್ದಿರಬಹುದು. ಮಂಗಳೂರಿನ ಒಂದು ಆಫೀಸಿನ ಸುಹಾನಾ ಎನ್ನುವ ಹುಡುಗಿ ಅವನ್ನು ನನಗೆ ಕಳಿಸುತ್ತಾಳೆ. ಗೀರು, ತುಕ್ಕು ತೆಗೆದು ಬಣ್ಣ ತುಂಬಿ ನಾನು ತಿರುಗಿ ಕಳಿಸುವುದು.

ಇವತ್ತಿನದ್ದು ಬಟ್ಟೆ ಒಗೆಯುವ ಹೆಂಗಸು. ಅಂಗಳದಲ್ಲಿ ಬೆಂಕಿಯ ಮೇಲೆ ಹಂಡೆ, ಪಕ್ಕದಲ್ಲಿ ಮರದ ತೊಟ್ಟಿ, ತೋಳಿನ ತನಕ ಮಡಚಿದ ಅಂಗಿ. ಅವರಲ್ಲಿ ಸೋಮವಾರ ಎಂದರೆ ಬಟ್ಟೆಯ ದಿನವಂತೆ. ಕೈ ಎರಡೂ ಬೆಂದು ಬಿರಿದಿವೆ. ಕೆನ್ನೆಗೆ ಗುಲಾಬಿ ಬಣ್ಣ ಕೊಡಲಿಕ್ಕೆ ಹೇಳಿದ್ದರು, ನಾನು ಕೈಗೂ ಸ್ವಲ್ಪ ಕೊಟ್ಟೆ. ಯಾರೂ ನಗುವುದಿಲ್ಲ ಆ ಫೋಟೋಗಳಲ್ಲಿ. ಅಲುಗಾಡದೆ ಅಷ್ಟು ಹೊತ್ತು ನಿಲ್ಲಬೇಕಿತ್ತಲ್ಲ, ನಗು ಎಲ್ಲಿ ನಿಲ್ಲುತ್ತದೆ.

ಮೇ 24, ಶನಿವಾರ

ಕೀರ್ತನನ ಈ ಸಂಬಂಧವೂ ತಪ್ಪಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹುಡುಗ ಒಳ್ಳೆಯವ, ದುಡಿಯುತ್ತಾನೆ, ಆದರೂ ಪ್ರತಿಸಲ ವೀಳ್ಯ ಬದಲಿಸುವ ಹೊತ್ತಿಗೆ ಏನೋ ಒಂದು. ಶೀಲನ ಒತ್ತಾಯಕ್ಕೆ ಸವಣೂರಿನ ಹತ್ತಿರದ ಜೋಯಿಸರಲ್ಲಿ ಪ್ರಶ್ನೆ ಇಡಿಸಿದೆವು.

ಅವರು ಕವಡೆ ಸರಿಸಿ ಎಣಿಸಿದರು. ಈ ಮನೆಯಿಂದ ಹೋದ ಹೆಣ್ಣು ಮಗು ಒಂದು ಉಂಟು, ಅದು ಬೆಳೆದು ಮದುವೆಯ ಪ್ರಾಯಕ್ಕೆ ಬಂದಿದೆ, ಹೊಸ್ತಿಲಲ್ಲಿ ನಿಂತಿದೆ, ತಂಗಿಯನ್ನು ದಾಟಿ ಅಣ್ಣನಿಗೆ ಹೇಗೆ ಆಗುದು ಎಂದರು. ನಾಲ್ಕು ಜನರಲ್ಲಿ ವಿಚಾರಿಸಿದರೆ ಯಾರಿಗೂ ಸಿಗುವ ಸುದ್ದಿ ಅದು ಎಂದು ಮನಸ್ಸು ಹೇಳಿತು. ಆದರೂ ಮುಂದೆ ಎಂತ ಮಾಡಬೇಕು ಎಂದು ಕೇಳಿದೆ. ಶೀಲ ಸೆರಗು ಬಾಯಿಗೆ ಒತ್ತಿಕೊಂಡಳು.

ಭವಿತಾ. ನಮ್ಮ ಭವಿ. ಎಂಟು ತಿಂಗಳು ಇದ್ದಳು. ಜ್ವರ ನೆತ್ತಿಗೇರಿ ಹೋದದ್ದು, ತೊಂಬತ್ತಾರರ ಸೆಪ್ಟೆಂಬರಿನಲ್ಲಿ. ಈಗ ಅವಳಿಗೆ ಗಂಡು ಹುಡುಕಬೇಕು. ಅವಳ ಹಾಗೆಯೇ ಸಣ್ಣದರಲ್ಲಿ ಹೋದ ಹುಡುಗ, ನಮ್ಮ ಜಾತಿಯವ, ಬೇರೆ ಬಳಿಯವ, ಎಂದರೆ ಬೇರೆ ಗೋತ್ರದವ. ಪ್ರೇತ ಮದುವೆ. ನಮ್ಮ ಕಡೆ ಇದೇನು ಹೊಸತಲ್ಲ, ನಾನೇ ಎಷ್ಟೋ ಇಂಥ ಮದುವೆಗಳಿಗೆ ಹೋಗಿ ಕೋಳಿ ಸಾರು, ರೊಟ್ಟಿ ತಿಂದು ಬಂದವ. ನಮ್ಮ ಮನೆಗೇ ಬರುತ್ತದೆ ಎಂದು ಯೋಚಿಸಿರಲಿಲ್ಲ.

ಬಸ್ಸಿನಲ್ಲಿ ಬರುವಾಗ ಶೀಲ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ಅರ್ಧ ದಾರಿಯಲ್ಲಿ ಕೇಳಿದಳು: "ತೂತು ಇದ್ದದ್ದು ಯಾವ ಕಿವಿಯಲ್ಲಿ?"

"ಎಡದ್ದು," ಎಂದೆ. ಯೋಚಿಸಲಿಕ್ಕೆ ಏನುಂಟು ಅದರಲ್ಲಿ?

"ನೆನಪು ಉಂಟು ನಿಮಗೆ," ಎಂದು ನನ್ನ ಮೊಣಕೈಯನ್ನು ಒಮ್ಮೆ ಹಿಡಿದು ಬಿಟ್ಟಳು. ಬಸ್ಸಿನಲ್ಲಿ ಹಾಗೆಲ್ಲ ಮುಟ್ಟುವ ಜನ ಅಲ್ಲ ಅವಳು.

ಎಡಕಿವಿಯ ಬುಡದಲ್ಲಿ, ಸೂಜಿ ಚುಚ್ಚಿ ತೆಗೆದ ಹಾಗೆ. ಹುಟ್ಟುವಾಗಲೇ ಇತ್ತು. ಅಮ್ಮ ಅದನ್ನು ಅದೃಷ್ಟದ ತೂತು ಎನ್ನುತ್ತಿದ್ದರು. ಶೀಲ ದಿನಾ ಬೆರಳಿನ ತುದಿಯಲ್ಲಿ ಅಲ್ಲಿಗೆ ಎಣ್ಣೆ ಹಚ್ಚುವುದು. ಮಗು ಕಪ್ಪು, ಅಮ್ಮನ ಹಾಗೆ ಚೂಪು ಗದ್ದ, ಕೂದಲು ಹಿಂದಲೆಯಲ್ಲಿ ಮಾತ್ರ. ನಗುವಾಗ ಮೂಗು ಸುಕ್ಕಾಗಿ ಬಲಗಣ್ಣು ಮೊದಲು ಮುಚ್ಚುತ್ತಿತ್ತು. ಅಮ್ಮನ ಹಳೆ ಹಳದಿ ಸೀರೆ ಹರಿದು ಹೊಲಿದ ಜಬಲ ಬಿಟ್ಟು ಬೇರೆ ಅಂಗಿ ಹಾಕಿದರೆ ಮೈಯೆಲ್ಲ ಬೊಕ್ಕೆ ಏಳುತ್ತಿತ್ತು.

ಅಮ್ಮ ತೀರಿ ಹೋದರು. ಕೀರ್ತನ್ ಆಗ ಮೂರರ ಹುಡುಗ, ಅವನಿಗೆ ತಂಗಿಯ ನೆನಪೇ ಇಲ್ಲ. ಈ ಲೋಕದಲ್ಲಿ ಆ ಮುಖ ಗೊತ್ತಿರುವುದು ನಮಗಿಬ್ಬರಿಗೆ. ಫೋಟೋ ಇಲ್ಲ. ಮಗುವಿಗೆ ವರ್ಷ ತುಂಬದೆ ಫೋಟೋ ತೆಗೆದರೆ ಆಯುಷ್ಯ ಕಮ್ಮಿ ಆಗ್ತದೆ ಎಂದು ಅಮ್ಮ ಕ್ಯಾಮರಾ ಮನೆಯೊಳಗೆ ತರಲಿಕ್ಕೇ ಬಿಡಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕೊಚ್ಚೆಗೆ ಬಿದ್ದ ಹಾಗೆ ಆಯಿತು ನನ್ನ ಕಥೆ.

ಜೂನ್ 3, ಮಂಗಳವಾರ

ಗಂಡು ಸಿಕ್ಕಿತು. ಮರ್ಕಂಜದ ಮನೆ. ಹುಡುಗ ರೂಪೇಶ, ನಾಲ್ಕು ವರ್ಷಕ್ಕೆ ತೋಡಿನ ನೀರಿನಲ್ಲಿ ಮುಳುಗಿ ಹೋದವ. ಭವಿಗಿಂತ ದೊಡ್ಡವನಾಗುತ್ತಾನೆ, ಬಳಿ ಬೇರೆ, ಎಲ್ಲ ಸರಿ ಹೊಂದಿತು. ಆಟಿ ತಿಂಗಳಲ್ಲಿ ಮಾಡುವುದೆಂದು ಮಾತಾಯಿತು. ಬೇರೆ ಯಾವ ಮದುವೆಯೂ ಆಗದ ತಿಂಗಳು, ಇವರದ್ದೊಂದೇ.

ಅವನ ತಂಗಿ ಮೋಕ್ಷಿತಾ ಒಳಗಿಂದ ಒಂದು ಫೋಟೋ ತಂದಳು. ನೋಡಿದವನೇ ಕುರ್ಚಿಯ ಕೈ ಹಿಡಿದೆ. ಹಿಂದಿನ ಪರದೆ ನನ್ನದು, ನಾನೇ ಬರೆದ ಕೊಳ ಮತ್ತು ಹಂಸ. ಸ್ಟೂಲಿನ ಮೇಲೆ ನಿಂತ ಹುಡುಗ ನನ್ನನ್ನೇ ನೋಡುತ್ತಿದ್ದಾನೆ. ಚಾಕಲೇಟು ಕೊಡುತ್ತೇನೆಂದು ನಾನೇ ನಗಿಸಿದ್ದಿರಬೇಕು. ಯಾರ ಯಾರದ್ದೋ ಮಕ್ಕಳನ್ನು ಹೀಗೆ ಉಳಿಸಿಕೊಟ್ಟೆ.

ಹುಡುಗನ ತಾಯಿಗೆ ಸೊಸೆಯ ಮುಖ ನೋಡಬೇಕಂತೆ. ಇಬ್ಬರ ಫೋಟೋವನ್ನೂ ಒಟ್ಟಿಗೆ ಇಟ್ಟು ಹೂ ಹಾಕಬೇಕಂತೆ. ಸ್ಟುಡಿಯೋದವರ ಮಗಳಲ್ಲವಾ, ಬೇಕಾದಷ್ಟು ಫೋಟೋ ಇರ್ತದೆ ಎಂದು ಅವರೇ ಅವರೇ ಮಾತಾಡಿಕೊಂಡರು. ಇಲ್ಲ ಎಂದು ಹೇಳಲಿಕ್ಕೆ ನನಗೆ ನಾಲಿಗೆ ಹೊರಳಲಿಲ್ಲ. "ಉಂಟು, ಹುಡುಕಬೇಕು," ಎಂದೆ.

ದಾರಿಯಲ್ಲಿ ಶೀಲ ಕೇಳಿದಳು, ಎಲ್ಲಿ ಉಂಟು ಎಂದು. ಬೆಳ್ಳಿಯಲ್ಲಿ ಮಗಳ ಸಣ್ಣ ರೂಪ ಮಾಡಿಸಿ ಮಣೆಯ ಮೇಲೆ ಇಟ್ಟರೆ ಸಾಕು, ಹಿಂದಿನಿಂದ ಎಲ್ಲರೂ ಮಾಡುದು ಹಾಗೇ, ಫೋಟೋ ಯಾವ ಶಾಸ್ತ್ರದಲ್ಲೂ ಇಲ್ಲ ಎಂದಳು. ಅವಳಿಗೆ ಏನು ಗೊತ್ತು. ಫೋಟೋದವನ ಮಗಳಿಗೆ ಫೋಟೋ ಇಲ್ಲ ಎಂದರೆ ಊರು ನಗುತ್ತದೆ.

ಜೂನ್ 5

ಕಾಗದದಲ್ಲಿ ಬಿಡಿಸಿ ನೋಡಿದೆ. ಬರುವುದಿಲ್ಲ. ತಲೆಯೊಳಗೆ ಇದೆ, ಕೈಗೆ ಇಳಿಯುವುದಿಲ್ಲ.

ಜೂನ್ 6

ಇವತ್ತೂ ಇಲ್ಲ. ಹರಿದು ಎಸೆದೆ.

ಜೂನ್ 11, ಬುಧವಾರ

ಸುಹಾನಾ ಹೊಸ ಕಂತು ಕಳಿಸಿದ್ದಾಳೆ. ಮೊದಲನೆಯದ್ದು ಚಪ್ಪಲಿ ಹೊಲಿಯುವವ, ಬಾಯಲ್ಲಿ ಮೊಳೆ ಕಚ್ಚಿ ಹಿಡಿದಿದ್ದಾನೆ. ಇನ್ನೊಂದು ಮರದ ದಿಮ್ಮಿಯ ಮನೆಯ ಮುಂದೆ ಇಡೀ ಕುಟುಂಬ, ನಾಯಿ ಅಲುಗಾಡಿ ಅದಕ್ಕೆ ಎರಡು ತಲೆ ಬಂದಿದೆ. ಮತ್ತೊಂದರಲ್ಲಿ ಬಿಳಿಯ ಮಗುವನ್ನು ಎತ್ತಿಕೊಂಡ ಕರಿಯ ಹೆಂಗಸು. ಕೆಳಗೆ ಮಗುವಿನ ಹೆಸರು ಬರೆದಿದ್ದಾರೆ, ಹೆಂಗಸಿನದ್ದು ಬರೆದಿಲ್ಲ. ಅವಳನ್ನು ಆ ಕಾಲದಲ್ಲಿ ದನದ ಹಾಗೆ ಕೊಂಡು ತಂದಿರುತ್ತಾರಂತೆ. ಅವಳ ಕಣ್ಣು ನೋಡಿ ನನಗೆ ಬಣ್ಣ ಹಾಕಲಿಕ್ಕೆ ಮನಸ್ಸಾಗಲಿಲ್ಲ, ನಾಳೆಗೆ ಇಟ್ಟೆ.

ಕೊನೆಯದ್ದು ಮಗು. ಏಳೆಂಟು ತಿಂಗಳದ್ದಿರಬಹುದು. ಬಿಳಿ ಫ್ರಾಕು, ದಿಂಬಿಗೆ ಒರಗಿಸಿ ಕೂರಿಸಿದ್ದಾರೆ, ಕಣ್ಣು ಮುಚ್ಚಿದೆ. ದುಂಡು ಗದ್ದ, ನಡುವೆ ಒಂದು ಕುಳಿ. ನಿದ್ರೆ ಮಾಡುವ ಮಗು ಎಂದು ಸುಹಾನಾ ಬರೆದಿದ್ದಾಳೆ. ನನಗೆ ನೋಡಿದ ಕೂಡಲೇ ಗೊತ್ತಾಯಿತು. ಆ ಕಾಲದ ಫೋಟೋದಲ್ಲಿ ಬದುಕಿದ ಮಗು ಹೀಗೆ ಚೊಕ್ಕ ಬರುವುದಿಲ್ಲ. ಉಸಿರಾಡಿದರೂ ಮಸುಕಾಗುತ್ತದೆ. ಇದರ ರೆಪ್ಪೆಯ ಒಂದೊಂದು ಕೂದಲನ್ನೂ ಎಣಿಸಬಹುದು.

ಇಂಥದ್ದು ನಾನು ಎಷ್ಟು ಮಾಡಿಲ್ಲ. ಮೊದಲು ಹಳ್ಳಿಯಲ್ಲಿ ಯಾರಾದರೂ ಹೋದರೆ ಜೀಪಿನಲ್ಲಿ ನನ್ನನ್ನು ಕರೆಯಲಿಕ್ಕೆ ಬರುತ್ತಿದ್ದರು. ಬದುಕಿದ್ದಾಗ ಫೋಟೋ ತೆಗೆಸದವರನ್ನು ಸ್ನಾನ ಮಾಡಿಸಿ ಗೋಡೆಗೆ ಒರಗಿಸುವುದು, ನಾನು ತೆಗೆಯುವುದು. ಮತ್ತೆ ಪ್ರಿಂಟಿನ ಮೇಲೆ ಸಪೂರದ ಬ್ರಷ್ಷಿನಲ್ಲಿ ಕಣ್ಣು ಬರೆಯುವುದು. ಕಣ್ಣು ತೆರೆಸುದು ಎಂದೇ ಅದಕ್ಕೆ ಹೆಸರು. ಅರಂತೋಡಿನಿಂದ ಕಡಬದ ತನಕ ಗೋಡೆಗಳಲ್ಲಿ ನೋಡುತ್ತಾ ಇರುವ ಎಷ್ಟೋ ಅಜ್ಜ ಅಜ್ಜಿಯರ ಕಣ್ಣು ನನ್ನವು. ಭವಿ ಹೋದ ದಿನ ಮಾತ್ರ ಕ್ಯಾಮರಾ ಮುಟ್ಟಲಿಕ್ಕೆ ಕೈ ಬರಲಿಲ್ಲ. ಕತ್ತಲಾಗುವ ಮೊದಲು ಹೂತು ಬಂದೆವು.

ಜೂನ್ 22, ಭಾನುವಾರ

ಮಾಡಿದೆ.

ಬೆಳಿಗ್ಗೆ ಕೂತವನು ಸಂಜೆ ಎದ್ದೆ. ಮೊದಲು ಮೈಬಣ್ಣ. ನಮ್ಮ ಬಣ್ಣ ತರುವುದು ಕಷ್ಟವಾಗಲಿಲ್ಲ. ಹಣೆಯ ಕೂದಲು ಅಳಿಸಿದೆ. ಗದ್ದವನ್ನು ಚೂಪು ಮಾಡಲಿಕ್ಕೆ ಹೋದರೆ ಮುಖವೇ ಹಾಳಾಗುತ್ತದೆ, ಹಾಗೇ ಬಿಟ್ಟೆ. ಮಗುವಿನ ಗದ್ದವನ್ನು ಯಾರು ನೋಡುತ್ತಾರೆ. ಕೆನ್ನೆಗೆ ದೃಷ್ಟಿ ಬೊಟ್ಟು ಇಟ್ಟೆ. ಕೊನೆಗೆ ಕಣ್ಣು.

ಕಣ್ಣು ತೆರೆಸಲಿಕ್ಕೆ ಮೂರು ಸಲ ಅಳಿಸಿ ಬರೆಯಬೇಕಾಯಿತು. ಸತ್ತವರ ಮನೆಯವರು ಬಾಗಿಲಲ್ಲಿ ನಿಂತು ಕಾಯುತ್ತಿದ್ದಾಗಲೂ ಒಂದೇ ಸಲಕ್ಕೆ ಬರೆದ ಕೈ. ಒಂದು ಬೆಳಕಿನ ಚುಕ್ಕೆ ಇಟ್ಟೆ, ಇನ್ನೊಂದು ಇಟ್ಟೆ. ಮಗು ನನ್ನನ್ನು ನೋಡಿತು. ನಾನು ಕುರ್ಚಿಯಲ್ಲೇ ಕೂತು ಅತ್ತೆ, ಬಾಯಿಗೆ ಟವೆಲು ತುರುಕಿ ಅತ್ತೆ. ಹೊರಗೆ ಫ್ಲೆಕ್ಸಿನ ಮೆಶಿನು ಓಡುತ್ತಿತ್ತು, ಯಾರಿಗೂ ಕೇಳಲಿಲ್ಲ.

ಭವಿ ಅಲ್ಲ, ನನಗೆ ಗೊತ್ತು. ಅಮೆರಿಕದ ಯಾವಳೋ ತಾಯಿ ಹೆತ್ತದ್ದು. ಆದರೆ ಮರ್ಕಂಜದವರಿಗೆ ಯಾರೆಂದು ಗೊತ್ತು? ಒಂದು ದಿನದ ಕೆಲಸ ಅದು, ಹೂ ಹಾಕುದು, ಮುಗಿಯಿತು.

ಜೂನ್ 24, ಮಂಗಳವಾರ

ದೊಡ್ಡದು ಪ್ರಿಂಟ್ ಹಾಕಿ ಚೌಕಟ್ಟು ಕಟ್ಟಿ ಶೀಲನ ಮುಂದೆ ಇಟ್ಟೆ. ಅವಳು ಕೈ ಒರೆಸಿಕೊಂಡು ಬಂದು ನೋಡಿದಳು. ಹತ್ತಿರ ಹೋಗಿ ನೋಡಿದಳು, ಹಿಂದೆ ಸರಿದು ನೋಡಿದಳು.

"ಲಾಯ್ಕ ಉಟ್ಟು, ಚಂದ ಉಟ್ಟು," ಎಂದಳು. "ಯಾರ ಮಗು ಅದ್?"

ಸಿಟ್ಟು ನೆತ್ತಿಗೇರಿತು. ಇಡೀ ದಿನ ಕಣ್ಣು ಕಿತ್ತುಕೊಂಡು ಮಾಡಿದ್ದೇನೆ, ನಿನ್ನ ಮಗಳ ಮರ್ಯಾದೆಗೇ ಮಾಡಿದ್ದು ಎಂದು ಕೂಗಾಡಿದೆ. ಅನ್ನಕ್ಕೆ ನೀರಿಟ್ಟು ಬಂದಿದ್ದಳಂತೆ, ಒಳಗೆ ಹೋದಳು. ಫೋಟೋವನ್ನು ಮುಟ್ಟಲಿಲ್ಲ.

ಜುಲೈ 2, ಬುಧವಾರ

ಪಕ್ಕದ ಚಪ್ಪಲಿ ಅಂಗಡಿಯ ಕುಂಞಿ ಮೋನು ಚಾ ಕುಡಿಯಲಿಕ್ಕೆ ಕರೆದ. ನನ್ನಷ್ಟೇ ಪ್ರಾಯದವ, ಹೆಂಡತಿ ನಫೀಸಮ್ಮ ಹೋಗಿ ಎರಡು ವರ್ಷ. ಅವರಲ್ಲಿ ಸತ್ತವರ ಫೋಟೋ ಗೋಡೆಗೆ ಹಾಕುವ ಕ್ರಮ ಇಲ್ಲ. ಇದ್ದದ್ದೇ ಒಂದು, ಉಮ್ರಾ ಯಾತ್ರೆಗೆ ಹೋಗುವಾಗ ಪಾಸ್‌ಪೋರ್ಟಿಗೆಂದು ನಾನು ತೆಗೆದದ್ದು. ನೋಡಬೇಕು ಅನಿಸುವುದಿಲ್ಲವಾ ಎಂದು ಕೇಳಿದೆ.

"ಕಪಾಟಿನ ಅಡಿಗೆ ಹಾಕಿದ್ದೇನೆ ಮಾರಾಯ್ರೆ," ಎಂದ. "ಅದರಲ್ಲಿ ಅವಳಿಗೆ ಸಿಟ್ಟು ಬಂದ ಹಾಗೆ ಉಂಟು. ಜೀವಮಾನದಲ್ಲಿ ಸಿಟ್ಟು ಮಾಡಿದವಳಲ್ಲ. ಒಮ್ಮೆ ಅದನ್ನು ನೋಡಿದ್ರೆ ಮತ್ತೆ ಒಂದು ವಾರ ಸಿಟ್ಟಿನಲ್ಲೇ ನೆನಪಾಗುದು."

ನನ್ನ ಫೋಟೋದ ತಪ್ಪು ಎಂದು ಹೇಳಿದ ಹಾಗಾಯಿತು. ನೇರ ನೋಡಿ, ನಗಬೇಡಿ ಎನ್ನುವುದು ಸರಕಾರದ ಕಾನೂನು, ನಾನು ಎಂತ ಮಾಡುದು ಎಂದೆ. ಅವನು ನಕ್ಕ. ಚಾದ ದುಡ್ಡು ಅವನೇ ಕೊಟ್ಟ.

ಭವಿಯ ಫೋಟೋ ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮೇಲಿನ ಗೋಡೆಯಲ್ಲಿ ಇದೆ. ಶೀಲ ಅಲ್ಲಿಗೆ ಕಸ ಗುಡಿಸಲಿಕ್ಕೂ ಬರುತ್ತಿಲ್ಲ. ನಾನೇ ಗುಡಿಸುತ್ತೇನೆ. ಬಾಗಿಲು ತೆಗೆದ ಕೂಡಲೇ ಭವಿ ನನ್ನನ್ನು ನೋಡುತ್ತಾಳೆ.

ಜುಲೈ 9, ಬುಧವಾರ

ದೊಡ್ಡ ಎಡವಟ್ಟು. ಅಮೆರಿಕಕ್ಕೆ ಕಳಿಸುವ ಕಂತಿನಲ್ಲಿ ಆ ಬಿಳಿ ಮಗುವಿನ ಬದಲು ಭವಿಯ ಫೋಟೋ ಹೋಗಿದೆ. ಸುಹಾನಾ ಬೆಳಿಗ್ಗೆಯೇ ಫೋನು ಮಾಡಿದಳು. ಅಂಕಲ್, ಮಗುವಿನ ಕೆನ್ನೆಯಲ್ಲಿ ಎಂತ ಕಪ್ಪು ಚುಕ್ಕೆ, ಬಣ್ಣ ಯಾಕೆ ಹೀಗೆ, ಕಣ್ಣು ಯಾಕೆ ತೆರೆಸಿದ್ದೀರಿ ಎಂದು ಒಂದರ ಮೇಲೊಂದು ಕೇಳಿದಳು. ಅಲ್ಲಿಯವರು ಗಾಬರಿಯಾಗಿ ಬರೆದಿದ್ದಾರಂತೆ. ಆ ಮಗುವಿಗೆ ಹೆಸರು ಉಂಟಂತೆ, ತಾಯಿಯ ಹೆಸರೂ ಹಿಂದೆ ಬರೆದುಂಟಂತೆ. ಇದ್ದದ್ದು ಇದ್ದ ಹಾಗೇ ಬೇಕು, ಕಣ್ಣು ಮುಚ್ಚಿ ಬಿಳಿ ಬಣ್ಣದಲ್ಲಿ ಇವತ್ತೇ ತಿರುಗಿ ಕಳಿಸಿ ಎಂದಳು. ಹುಡುಗಿ ಒಳ್ಳೆಯವಳು, ಸ್ವರ ಏರಿಸಿ ಮಾತಾಡಲಿಲ್ಲ.

ಕೂತೆ. ಮೌಸು ಹಿಡಿದು ಕಣ್ಣಿನ ಹತ್ತಿರ ತಂದೆ. ಆಗಲಿಲ್ಲ. ಕೈ ಮುಂದೆ ಹೋಗುವುದೇ ಇಲ್ಲ. ಮಣ್ಣು ಹಾಕುವಾಗ ಅವಳ ಮುಖದ ಮೇಲೆ ಮೊದಲ ಹಿಡಿ ನಾನೇ ಹಾಕಬೇಕಾಗಿತ್ತಲ್ಲ, ಅದೇ ಆಯಿತು ಇನ್ನೊಮ್ಮೆ. ಸುಹಾನಾ ತಿರುಗಿ ಫೋನು ಮಾಡಿದಾಗ ಹೇಳಿಬಿಟ್ಟೆ:

"ಮಗಾ, ಇನ್ನೊಮ್ಮೆ ಅವಳ ಕಣ್ಣು ಮುಚ್ಚಲಿಕ್ಕೆ ನನ್ನಿಂದ ಆಗುದಿಲ್ಲ."

ಅವಳಿಗೆ ಎಂತ ಅರ್ಥವಾಯಿತೋ. ಆಯ್ತು ಅಂಕಲ್, ನೀವು ಬಿಡಿ, ಇಲ್ಲಿ ಯಾರಲ್ಲಾದರೂ ಮಾಡಿಸ್ತೇನೆ ಎಂದಳು. ಇನ್ನು ಅವರ ಕೆಲಸ ನನಗೆ ಬರುವುದಿಲ್ಲ. ಬಾರದಿದ್ದರೆ ಬೇಡ. ಆ ಬಟ್ಟೆ ಒಗೆಯುವ ಹೆಂಗಸು, ಬಿಳಿ ಮಗುವನ್ನು ಎತ್ತಿಕೊಂಡ ಹೆಸರಿಲ್ಲದ ಆ ಆಯಾ, ಎರಡು ತಲೆಯ ನಾಯಿ, ಎಲ್ಲ ಇನ್ನು ಬೇರೆಯವರ ಕೈಗೆ ಹೋದವು. ಆಯಾಳಿಗೆ ಬಣ್ಣ ಹಾಕದೆ ಬಿಟ್ಟದ್ದೊಂದು ಮನಸ್ಸಿಗೆ ಚುಚ್ಚುತ್ತದೆ.

ಜುಲೈ 16

ಕೆಲಸ ಇಲ್ಲ. ಕೋಣೆಯಲ್ಲಿ ಸುಮ್ಮನೆ ಕೂತುಕೊಳ್ಳುವುದು. ಬದುಕಿಗೆ ರುಚಿಯೇ ಇಲ್ಲ. ಬೆಳಿಗ್ಗೆ ಎದ್ದು ಯಾಕೆ ಎದ್ದೆ ಅನಿಸುತ್ತದೆ. ಫೋಟೋ ಒಂದು ಇರುವ ಕಾರಣ ಮಾತಾಡಲಿಕ್ಕೆ ಯಾರೋ ಇದ್ದಾರೆ ಎಂದು ಆಗುತ್ತದೆ.

ಜುಲೈ 27, ಭಾನುವಾರ

ಮದುವೆ ಆಯಿತು.

ಮರ್ಕಂಜದಿಂದ ಎರಡು ಜೀಪು ಜನ ಬಂದರು. ಮಣೆಯ ಮೇಲೆ ಬೆಳ್ಳಿಯ ರೂಪ ಎರಡು ಇಟ್ಟರು. ಹುಡುಗನ ಕಡೆ ವೇಷ್ಟಿ, ಶಲ್ಯ, ನಮ್ಮ ಹುಡುಗಿಯ ಕಡೆ ಸೀರೆ, ರವಿಕೆ, ಬಳೆ, ಕಾಲುಂಗುರ. ಸೀರೆ ಶೀಲನೇ ಪುತ್ತೂರಿಗೆ ಹೋಗಿ ತಂದದ್ದು, ಹಳದಿ ಬಣ್ಣದ್ದು. ಹಳದಿ ಯಾಕೆ, ಮದುವೆಗೆ ಕೆಂಪು ಅಲ್ಲವಾ ಎಂದು ಕೇಳಿದೆ. ನನ್ನ ಮುಖ ನೋಡಿ ಸೀರೆಯ ಮಡಿಕೆ ಸರಿ ಮಾಡಿದಳು.

ಹಿಂದೆ ಎರಡು ಫೋಟೋ. ನನ್ನ ಹಂಸದ ಪರದೆಯ ಮುಂದೆ ನಿಂತ ರೂಪೇಶ, ಪಕ್ಕದಲ್ಲಿ ಭವಿ. ಬಂದವರೆಲ್ಲ ಭವಿಯ ಫೋಟೋವನ್ನೇ ನೋಡಿದರು. ಎಂಥ ಕಳೆ, ಎಂಥ ಕಣ್ಣು, ಇದ್ದಿದ್ದರೆ ಎಷ್ಟು ಚಂದ ಆಗುತ್ತಿದ್ದಳು ಎಂದರು. ಹುಡುಗನ ತಾಯಿ ಫೋಟೋದ ಕೆನ್ನೆ ಸವರಿ ಲಟಿಕೆ ಮುರಿದರು. ನನ್ನ ಎದೆ ತುಂಬಿ ಬಂತು. ಕರಿಮಣಿ ಕಟ್ಟಿಸುವಾಗ ಶೀಲ ಬೆಳ್ಳಿಯ ರೂಪವನ್ನು ಮಾತ್ರ ನೋಡುತ್ತಿದ್ದಳು. ಒಮ್ಮೆಯೂ ತಲೆ ಎತ್ತಿ ಫೋಟೋದ ಕಡೆ ನೋಡಲಿಲ್ಲ. ಅವಳ ಬೆರಳು ಆ ರೂಪದ ಎಡಗಡೆ ಸವರುತ್ತಾ ಇತ್ತು, ಎಣ್ಣೆ ಹಚ್ಚಿದ ಹಾಗೆ. ಏನು ಮಾಡುತ್ತಿದ್ದಾಳೆಂದು ಕೇಳಲಿಕ್ಕೆ ಪುರಸೊತ್ತಾಗಲಿಲ್ಲ, ಬಡಿಸಲಿಕ್ಕೆ ಕರೆದರು.

ಹೆಣ್ಣು ಒಪ್ಪಿಸಿಕೊಟ್ಟೆವು. ಬೆಳ್ಳಿಯ ರೂಪ, ಸೀರೆ, ಫೋಟೋ ಎಲ್ಲ ಮಡಿಲಲ್ಲಿ ಇಟ್ಟುಕೊಂಡು ಮೋಕ್ಷಿತಾ ಜೀಪು ಹತ್ತಿದಳು. ಜೀಪು ತಿರುವಿನಲ್ಲಿ ಮರೆಯಾಗುವ ತನಕ ಶೀಲ ಅಳಲಿಲ್ಲ. ಆಮೇಲೆ ಅಂಗಳದಲ್ಲೇ ಕೂತುಬಿಟ್ಟಳು. ಎಬ್ಬಿಸಲಿಕ್ಕೆ ಇಬ್ಬರು ಬೇಕಾಯಿತು.

ಆಗಸ್ಟ್ 1

ಗೋಡೆ ಖಾಲಿ. ಇನ್ನೊಂದು ಪ್ರಿಂಟ್ ಹಾಕಿದೆ.

ಆಗಸ್ಟ್ 20, ಬುಧವಾರ

ಕೀರ್ತನನಿಗೆ ಅರಂತೋಡಿನ ಕಡೆಯಿಂದ ಸಂಬಂಧ ಬಂದಿದೆ. ಹುಡುಗಿಯ ಮನೆಯವರೇ ಮೇಲೆ ಬಿದ್ದು ಕೇಳಿದ್ದು. ಜೋಯಿಸರ ಮಾತು ನಿಜವಾಯಿತು. ಮಗ ಸಿಳ್ಳೆ ಹಾಕುತ್ತಾ ಫ್ಲೆಕ್ಸ್ ಕತ್ತರಿಸುತ್ತಾನೆ. ಈ ಮನೆಯಲ್ಲಿ ಸಿಳ್ಳೆ ಕೇಳದೆ ಎಷ್ಟು ಕಾಲವಾಗಿತ್ತೋ.

ನನಗೆ ಮಾತ್ರ ಸಂತೋಷ ಒಳಗೆ ಇಳಿಯುವುದಿಲ್ಲ. ಮಧ್ಯಾಹ್ನ ಸುಮ್ಮನೆ ಮಲಗಿದ್ದಾಗ ಭವಿ ನೆನಪಾದಳು. ಜ್ವರ ಬಂದ ದಿನ ಬಿಳಿ ಫ್ರಾಕು ಹಾಕಿಕೊಂಡು ದಿಂಬಿಗೆ ಒರಗಿ ಕೂತಿದ್ದಳು. ಆ ಗದ್ದದ ಕುಳಿಯಲ್ಲಿ ನಾನು ಬೆರಳಿಟ್ಟು ಆಡಿಸುತ್ತಿದ್ದೆ. ಎಷ್ಟು ಚೊಕ್ಕವಾಗಿ ಕಾಣಿಸಿದಳೆಂದರೆ ರೆಪ್ಪೆಯ ಕೂದಲು ಕೂಡ ಎಣಿಸಬಹುದಿತ್ತು. ಇಷ್ಟು ವರ್ಷ ಅವಳು ಹೀಗೆ ಸ್ಪಷ್ಟ ಬಂದದ್ದೇ ಇಲ್ಲ, ಮಸುಕು ಮಸುಕಾಗಿ ನಗುವುದು, ಓಡಿಹೋಗುವುದು. ಮದುವೆ ಮಾಡಿದ್ದಕ್ಕೆ ಮಗಳಿಗೆ ಶಾಂತಿ ಸಿಕ್ಕಿರಬೇಕು.

ಶೀಲನಲ್ಲಿ ಹೇಳಿದೆ. ಬಿಳಿ ಫ್ರಾಕಾ ಎಂದು ಕೇಳಿದಳು. ಹೌದು ಎಂದೆ. ಬೀನ್ಸ್ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಎಷ್ಟು ಹೊತ್ತಾದರೂ ಕಣ್ಣು ತೆಗೆಯಲಿಲ್ಲ. ಈಗೀಗ ಅವಳು ಹೀಗೇ.

ಸೆಪ್ಟೆಂಬರ್ 9, ಮಂಗಳವಾರ

ಭವಿ ಹೋದ ದಿನ. ಪ್ರತಿ ವರ್ಷ ಈ ದಿನ ಒಳಗಿನ ಕೋಣೆಯಲ್ಲಿ ಒಂದು ಸಣ್ಣ ಎಲೆ ಹಾಕಿ ಹಾಲು, ಅನ್ನ ಬಡಿಸಿ ಬಾಗಿಲು ಎಳೆದುಕೊಳ್ಳುತ್ತಿದ್ದೆವು. ಈ ವರ್ಷ ಹಾಕಲಿಲ್ಲ. ಕೊಟ್ಟ ಹೆಣ್ಣು, ಇನ್ನು ಅವಳಿಗೆ ಬಡಿಸುವುದು ಮರ್ಕಂಜದವರು. ಶೀಲ ಬೆಳಿಗ್ಗೆ ಮರೆತು ಎಲೆ ಕೊಯ್ದು ತಂದು, ತೊಳೆದು, ಹಾಗೇ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ನೋಡಲಿಕ್ಕೆ ಆಗಲಿಲ್ಲ ನನ್ನಿಂದ.

ಮಧ್ಯಾಹ್ನ ಅವಳೇ ಹಿಂದಿನ ಕೋಣೆಗೆ ಬಂದಳು. ಇಷ್ಟು ತಿಂಗಳಲ್ಲಿ ಮೊದಲ ಸಲ. ಗೋಡೆಯ ಫೋಟೋಕ್ಕೆ ಬೆನ್ನು ಹಾಕಿ ಕೂತಳು. ಕೈಯಲ್ಲಿ ಎಣ್ಣೆಯ ಕುಡಿಕೆ ಇತ್ತು, ಯಾಕೆ ತಂದಳೋ.

"ತೂತು ಇದ್ದದ್ದು ಯಾವ ಕಿವಿಯಲ್ಲಿ?" ಎಂದು ಕೇಳಿದಳು.

ಯಾವ ತೂತು ಎಂದು ನನಗೆ ತಟ್ಟನೆ ಹೊಳೆಯಲಿಲ್ಲ. ಭವಿಯದ್ದು ಎಂದಳು. ಒಂದು ನಿಮಿಷ ಇರು, ನೋಡಿ ಹೇಳ್ತೇನೆ ಎಂದು ಕಂಪ್ಯೂಟರ್ ಹಾಕಿದೆ. ಫೋಟೋ ತೆರೆದು ದೊಡ್ಡದು ಮಾಡಿದೆ. ಎಡಕಿವಿ ನೋಡಿದೆ, ಬಲಕಿವಿ ನೋಡಿದೆ. ಇನ್ನೂ ದೊಡ್ಡದು ಮಾಡಿ ನೋಡಿದೆ. ಎರಡೂ ಚೊಕ್ಕ ಇದ್ದವು.

"ಇಲ್ಲ ಶೀಲ, ನಮ್ಮ ಮಗುವಿಗೆ ಹಾಗೆ ಯಾವ ತೂತೂ ಇರಲಿಲ್ಲ. ನೀನೇ ನೋಡು ಬೇಕಾದರೆ."

ಅವಳು ತಿರುಗಿ ನೋಡಲಿಲ್ಲ. ನನ್ನ ಮುಖವನ್ನೇ ನೋಡಿದಳು. ಮತ್ತೆ ಅವಳ ಕಣ್ಣಿನಿಂದ ನೀರು ಸುಮ್ಮನೆ ಇಳಿಯಿತು, ಒರೆಸಿಕೊಳ್ಳಲೂ ಇಲ್ಲ.

"ಹಂಗಾರೆ ಇನ್ನು ನಾನೊಬ್ಬಳೇ," ಎಂದಳು.

ಎಂತಕ್ಕೆ ಹಾಗೆ ಹೇಳಿದಳೋ ನನಗೆ ತಿಳಿಯಲಿಲ್ಲ. ಪ್ರಾಯ ಆಯಿತು, ಮರೆವು ಶುರುವಾಗಿರಬೇಕು, ಪುತ್ತೂರಿನಲ್ಲಿ ಡಾಕ್ಟರಿಗೆ ಒಮ್ಮೆ ತೋರಿಸಬೇಕು. ಹೆದರಬೇಡ, ನಾನಿದ್ದೇನಲ್ಲ ಎಂದೆ. ಅವಳು ಕುಡಿಕೆ ಎತ್ತಿಕೊಂಡು ಒಳಗೆ ಹೋದಳು.